ನಾಕೌಟ್‌ಗೆ 12 ದಿನ ಉಳಿದಿದೆ, ನಮ್ಮ ಕಾಲೇಜು ಹಾಕಿ ತಂಡದ ಡಿಫೆನ್ಸ್ ಗಟ್ಟಿ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಲೀಗ್‌ನ ನಾಲ್ಕು ಪಂದ್ಯಗಳಲ್ಲಿ 11 ಗೋಲು ಹೊಡೆದಿದ್ದೀರಿ, 9 ಬಿಟ್ಟುಕೊಟ್ಟಿದ್ದೀರಿ. ಆ ಒಂಬತ್ತರಲ್ಲಿ ಐದು ಪೆನಾಲ್ಟಿ ಕಾರ್ನರ್‌ನಿಂದ ಬಂದವು (ಡಿ, ಅಂದರೆ ಗೋಲಿನ ಮುಂದಿನ ಅರ್ಧವೃತ್ತದಲ್ಲಿ ಡಿಫೆನ್ಸ್ ತಪ್ಪು ಮಾಡಿದಾಗ ಎದುರಾಳಿಗೆ ಸಿಗುವ ಹೊಡೆತ; ಮುಂದೆ ಬರೀ ಕಾರ್ನರ್ ಎನ್ನುತ್ತೇನೆ). ಇನ್ನೆರಡು, ನೀವು ಕಾರ್ನರ್ ಹೊಡೆದು ತಪ್ಪಿದಾಗ ಎದುರಾಳಿಗಳು ಚೆಂಡು ಹಿಡಿದು ಓಡಿಬಂದು ಹಾಕಿದ್ದು. ಅಭ್ಯಾಸ ಮಣ್ಣಿನ ಮೈದಾನದಲ್ಲಿ, ಕ್ವಾರ್ಟರ್ ಫೈನಲ್ ಟರ್ಫ್ (ಕೃತಕ ಹುಲ್ಲು) ಮೇಲೆ. ಇಷ್ಟು ಹೇಳಿ, ತಂಡದ ಅತ್ಯುತ್ತಮ ಆಟಗಾರನಾದ, ಮೈದಾನದ ಮಧ್ಯದಲ್ಲಿ ಆಡುವ ಸೆಂಟರ್ ಹಾಫ್‌ನನ್ನು ಹಿಂದಕ್ಕೆ ತಂದು ಗೋಲು ಕಾಯುವ ಫುಲ್ ಬ್ಯಾಕ್ ಮಾಡಲೇ ಎಂದು ಕೇಳಿದ್ದೀರಿ.

ದಯವಿಟ್ಟು ಮಾಡಬೇಡಿ. ನಾನು ವಿರಾಜಪೇಟೆ ಕಡೆಯವನು, ಕಾಲೇಜಿನಲ್ಲೂ ಆಮೇಲೆ ಬೆಂಗಳೂರಿನಲ್ಲೂ ರೈಟ್ ಬ್ಯಾಕ್ ಆಡಿದವನು. ಈಗ ಊರಿನಲ್ಲಿ ಮಕ್ಕಳಿಗೆ ಸಂಜೆ ಹೊತ್ತು ಆಟ ಹೇಳಿಕೊಡುತ್ತೇನೆ. ನಮ್ಮ ಕಾಲೇಜು ಸೆಮಿಫೈನಲ್‌ಗೆ ಬಂದ ವರ್ಷ ನಮ್ಮ ಕೋಚ್ ಇದನ್ನೇ ಮಾಡಿದರು. ಸೆಂಟರ್ ಹಾಫ್ ನನ್ನ ಪಕ್ಕಕ್ಕೆ ಬಂದ. ಹಿಂದೆ ಐದು ಜನ ಗೋಡೆಯ ಹಾಗೆ ನಿಂತಿದ್ದೆವು. ಆದರೆ ನಾವು ಹೊಡೆದು ಕಳಿಸಿದ ಚೆಂಡನ್ನು ಮಧ್ಯದಲ್ಲಿ ಹಿಡಿದು ನಿಲ್ಲಿಸುವವನೇ ಇರಲಿಲ್ಲ. ಹೋದ ಚೆಂಡು ಅರ್ಧ ನಿಮಿಷದಲ್ಲಿ ವಾಪಸ್ ಬರುತ್ತಿತ್ತು. ಮೊದಲರ್ಧದಲ್ಲೇ ಕಾಲು ಸೋತುಹೋಯಿತು, ಸೋತ ಕಾಲಿಗೆ ಚೆಂಡು ತಾಗಿ ಕಾರ್ನರ್ ಮೇಲೆ ಕಾರ್ನರ್ ಕೊಟ್ಟೆವು. 4-1ರಿಂದ ಸೋತೆವು. ಆ ನಾಲ್ಕು ಗೋಲುಗಳಲ್ಲಿ ಎರಡಕ್ಕೆ ಕಾರಣವಾದ ಕಾರ್ನರ್‌ಗಳು ನನ್ನ ಕಾಲಿನಿಂದಲೇ ಹೋದವು, ಇಪ್ಪತ್ತು ವರ್ಷ ಕಳೆದರೂ ಮರೆತಿಲ್ಲ.

ನಿಮ್ಮ ಲೆಕ್ಕವೇ ಹೇಳುತ್ತಿದೆ: ಒಂಬತ್ತರಲ್ಲಿ ಏಳು ಗೋಲಿಗೆ ಕಾರ್ನರ್ ಸಂಬಂಧವಿದೆ. ಬ್ಯಾಕ್‌ಗಳನ್ನು ಡ್ರಿಬಲ್ ಮಾಡಿ ದಾಟಿ ಹಾಕಿದ್ದು ಬರೀ ಎರಡು. ಹಾಗಾಗಿ 12 ದಿನದಲ್ಲಿ ನೀವು ಮಾಡಬೇಕಾದದ್ದು ಕಾರ್ನರ್ ಕೊಡುವುದನ್ನು ಕಡಿಮೆ ಮಾಡುವುದು, ಕೊಟ್ಟ ಕಾರ್ನರ್ ತಡೆಯುವುದನ್ನು ಕಲಿಯುವುದು. ಉಳಿದದ್ದೆಲ್ಲ ಆಮೇಲೆ.

ಎಂಥ ತಂಡವಾದರೂ ಇದರಲ್ಲಿ ಎಡವುತ್ತದೆ. ಟೋಕಿಯೋ ಒಲಿಂಪಿಕ್ಸ್ ಸೆಮಿಫೈನಲ್ ನೆನಪಿಸಿಕೊಳ್ಳಿ. ಬೆಲ್ಜಿಯಂ ವಿರುದ್ಧ ನಮ್ಮವರು ಒಂದು ಹಂತದಲ್ಲಿ 2-1 ಮುಂದಿದ್ದರು. ಕೊನೆಗೆ 5-2ರಿಂದ ಸೋತರು. ಬೆಲ್ಜಿಯಂಗೆ ಸಿಕ್ಕಿದ ಪೆನಾಲ್ಟಿ ಕಾರ್ನರ್‌ಗಳು 14! ಅಲೆಕ್ಸಾಂಡರ್ ಹೆಂಡ್ರಿಕ್ಸ್ ಒಬ್ಬನೇ ಮೂರು ಗೋಲು ಹಾಕಿದ. ಹದಿನಾಲ್ಕು ಸಲ ಬಾಗಿಲು ತೆರೆದರೆ ಶ್ರೀಜೇಶ್ ಅಂಥ ಗೋಲ್‌ಕೀಪರ್ ಕೂಡ ಎಷ್ಟೂಂತ ಕಾಯುತ್ತಾರೆ?

ಕಾರ್ನರ್ ಯಾಕೆ ಹೋಗುತ್ತದೆ ಎಂದು ಮೊದಲು ನೋಡಿ. ಯಾರಾದರೂ ಮೊಬೈಲ್‌ನಲ್ಲಿ ಪಂದ್ಯಗಳನ್ನು ತೆಗೆದಿದ್ದರೆ, ಕೊಟ್ಟ ಪ್ರತಿಯೊಂದು ಕಾರ್ನರ್‌ನ ಹಿಂದಿನ ಹತ್ತು ಸೆಕೆಂಡು ಮಾತ್ರ ಎಲ್ಲರೂ ಕೂತು ನೋಡಿ. ನನ್ನ ಅನುಭವದಲ್ಲಿ ಕಾಲೇಜು ಮಟ್ಟದಲ್ಲಿ ಕಾರಣ ಎರಡೇ. ಒಂದು, ಡಿ ಒಳಗೆ ಎದುರಾಳಿಗೆ ಎದೆಕೊಟ್ಟು ನಿಲ್ಲುವುದು. ಆತನಿಗೆ ನಿಮ್ಮನ್ನು ದಾಟುವ ಅಗತ್ಯವೇ ಇಲ್ಲ, ನಿಮ್ಮ ಶೂಗೆ ಚೆಂಡು ತಾಗಿಸಿದರೆ ಸಾಕು. ಎರಡು, ಗೋಲುಗೆರೆಯಿಂದ 23 ಮೀಟರ್ ದೂರದಲ್ಲಿರುವ ಗೆರೆಯ ಒಳಗೆ ಸೋತವನು ಹಿಂದಿನಿಂದ ಬೇಕೆಂದೇ ಸ್ಟಿಕ್ ಹಾಕಿ ಎಳೆಯುವುದು. ಅದು ಡಿ ಹೊರಗೇ ಆದರೂ ಉದ್ದೇಶಪೂರ್ವಕ ಎಂದು ಅಂಪೈರ್‌ಗೆ ಕಂಡರೆ ಕಾರ್ನರ್ ಕೊಡುತ್ತಾರೆ. ಎಷ್ಟೋ ಹುಡುಗರಿಗೆ ಈ ನಿಯಮ ಪಂದ್ಯದಲ್ಲಿ ಶಿಳ್ಳೆ ಬಿದ್ದ ಮೇಲೆಯೇ ಗೊತ್ತಾಗುವುದು.

ಹಾಗಾದರೆ ಬ್ಯಾಕ್ ಏನು ಮಾಡಬೇಕು? ಡಿಗೆ ಬರುವ ಮುಂಚೆಯೇ ಕೆಲಸ ಮುಗಿಸಬೇಕು. ಎದುರಿಗೆ ಬರುವವನನ್ನು ನಿಮ್ಮ ಬಲಕ್ಕೆ, ಅಂದರೆ ಅವನ ಎಡಕ್ಕೆ ತಳ್ಳಿಕೊಂಡು ಹೋಗಿ. ಅಲ್ಲಿ ನಿಮ್ಮ ಸ್ಟಿಕ್‌ನ ನೇರ ಮುಖ ಸಿಗುತ್ತದೆ, ಅವನು ರಿವರ್ಸ್‌ನಲ್ಲಿ, ಅಂದರೆ ಸ್ಟಿಕ್ ತಿರುಗಿಸಿ ಆಡಬೇಕಾಗುತ್ತದೆ. ರೈಟ್ ಬ್ಯಾಕ್‌ಗೆ ಇದು ಸುಲಭ, ಬಲಗಡೆ ಸೈಡ್‌ಲೈನ್ ಕೂಡ ಇನ್ನೊಬ್ಬ ಡಿಫೆಂಡರ್ ಇದ್ದ ಹಾಗೆ. ಲೆಫ್ಟ್ ಬ್ಯಾಕ್ ಕೆಲಸ ಕಷ್ಟದ್ದು. ಎದುರಾಳಿಯ ರೈಟ್ ವಿಂಗರ್ ಅವನ ದುರ್ಬಲ ಕಡೆಗೇ ಬರುತ್ತಾನೆ. ಆದ್ದರಿಂದ ಲೆಫ್ಟ್ ಬ್ಯಾಕ್ ಎರಡು ಹೆಜ್ಜೆ ಇನ್ನೂ ಎಡಕ್ಕೆ ನಿಂತು, ಚೆಂಡು ತನ್ನ ಬಲಗಡೆಗೆ ಬರುವ ಹಾಗೆ ಮಾಡಿಕೊಳ್ಳಬೇಕು. ಜ್ಯಾಬ್ ಹಾಕಿದರೆ, ಅಂದರೆ ಚೆಂಡಿಗೆ ಸ್ಟಿಕ್ ಚುಚ್ಚಿದರೆ, ತಕ್ಷಣ ಸ್ಟಿಕ್ ಹಿಂದಕ್ಕೆ ಬರಬೇಕು, ತೂಕವೆಲ್ಲ ಮುಂಗಾಲಿಗೆ ಹೋಗಬಾರದು. ಒಂದೇ ಏಟಿಗೆ ಚೆಂಡು ಕಿತ್ತುಕೊಳ್ಳುವ ಆಸೆ ಬಿಡಿ. ಎದುರಾಳಿಯನ್ನು ಮೂರು ಸೆಕೆಂಡು ತಡೆದರೆ ಹಾಫ್ ಬಂದು ಸೇರುತ್ತಾನೆ, ಆಗ ಇಬ್ಬರು ಸೇರಿ ಕಿತ್ತುಕೊಳ್ಳಬಹುದು. ಆ ಬಂದು ಸೇರುವವನೇ ನಿಮ್ಮ ಸೆಂಟರ್ ಹಾಫ್. ಅವನನ್ನು ಹಿಂದಕ್ಕೆ ತಂದರೆ ಬಂದು ಸೇರುವವರು ಯಾರು?

ಇನ್ನು ಕೊಟ್ಟ ಕಾರ್ನರ್. ಇಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ, ತಪ್ಪದೆ ಕೊಡಿ. ಗೋಲ್‌ಕೀಪರ್ ಸೇರಿ ಐದೇ ಜನ ಇರುವುದು. ಆ ಐದು ಹೆಸರು ಇವತ್ತೇ ಬರೆದಿಡಿ, ದಿನಕ್ಕೊಬ್ಬರನ್ನು ಬದಲಿಸಬೇಡಿ. ಕಾರ್ನರ್ ಹೊಡೆಯುವವನತ್ತ ಮೊದಲು ಓಡುವ ರಶರ್ ಅತಿ ವೇಗದವನೇ ಆಗಬೇಕೆಂದಿಲ್ಲ, ಪ್ರತಿ ಸಲ ಒಂದೇ ದಾರಿಯಲ್ಲಿ ಓಡುವವನಾಗಬೇಕು. ಅವನು ಗೋಲಿನ ಯಾವ ಭಾಗ ಮುಚ್ಚುತ್ತಾನೆ ಎಂದು ಗೋಲ್‌ಕೀಪರ್‌ಗೆ ಕಣ್ಣು ಮುಚ್ಚಿದರೂ ಗೊತ್ತಿರಬೇಕು, ಆಗ ಗೋಲ್‌ಕೀಪರ್ ಉಳಿದ ಭಾಗ ನೋಡಿಕೊಂಡರೆ ಸಾಕು. ಎರಡನೆಯವನು ರಶರ್ ಹಿಂದೆ ಸ್ವಲ್ಪ ಪಕ್ಕಕ್ಕೆ ಓಡಿ, ಎದುರಾಳಿಗಳಲ್ಲಿ ಚೆಂಡು ನಿಲ್ಲಿಸಿಕೊಡುವ ಸ್ಟಾಪರ್ ಅದನ್ನು ಬೇರೆಯವನಿಗೆ ಜಾರಿಸಿದರೆ ಅದಕ್ಕೆ ಹೋಗಬೇಕು. ಉಳಿದಿಬ್ಬರು ಪೋಸ್ಟ್ ಹತ್ತಿರ ಇದ್ದು, ಗೋಲ್‌ಕೀಪರ್ ಪ್ಯಾಡ್‌ಗೆ ತಾಗಿ ಹೊರಬಂದ ಚೆಂಡನ್ನು ಮೊದಲು ಮುಟ್ಟಬೇಕು. ಈ ಮಟ್ಟದಲ್ಲಿ ನೇರ ಹೊಡೆತಕ್ಕಿಂತ ರೀಬೌಂಡ್‌ನಲ್ಲಿ ಹೋಗುವ ಗೋಲೇ ಜಾಸ್ತಿ ನೋಡಿದ್ದೇನೆ.

ಎದುರಾಳಿ ತಂಡದವರು ಕಾರ್ನರ್ ಹೊಡೆಯುವುದನ್ನು ಯಾರಾದರೂ ಹೋಗಿ ನೋಡಿಕೊಂಡು ಬನ್ನಿ. ಹಿಟ್ ಮಾಡುತ್ತಾರಾ, ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಸ್ಟಿಕ್‌ನಲ್ಲಿ ಎಳೆದು ಎಸೆಯುವುದು) ಮಾಡುತ್ತಾರಾ ಎಂಬುದೊಂದೇ ಪ್ರಶ್ನೆಗೆ ಉತ್ತರ ಸಾಕು. ಮೊದಲ ಹೊಡೆತ ಹಿಟ್ ಆದರೆ ಚೆಂಡು ಗೋಲಿನ ಹಿಂಬದಿಯ ಹಲಗೆಗಿಂತ, ಅಂದರೆ 46 ಸೆಂಟಿಮೀಟರ್‌ಗಿಂತ ಮೇಲೆ ಗೋಲುಗೆರೆ ದಾಟುವ ಹಾಗಿಲ್ಲ. ಹಾಗಾಗಿ ಹಿಟ್ ಮಾಡುವ ತಂಡ ಎದುರಿಗಿದ್ದರೆ ಗೋಲ್‌ಕೀಪರ್ ನೆಲಕ್ಕೆ ಅಡ್ಡ ಬೀಳುವುದು ಬುದ್ಧಿವಂತಿಕೆ. ಫ್ಲಿಕ್‌ಗೆ ಈ ಎತ್ತರದ ಮಿತಿ ಇಲ್ಲ, ಆಗ ನಿಂತೇ ಇರಬೇಕು. ಇದನ್ನು ಮೊದಲೇ ತಿಳಿದುಕೊಂಡ ಗೋಲ್‌ಕೀಪರ್‌ಗೆ ಸಿಗುವ ಧೈರ್ಯವೇ ಬೇರೆ. ಚೆಂಡು ಒಳಗೆ ಬರುವ ಮುಂಚೆ ಯಾರೂ ಗೆರೆ ದಾಟಬಾರದು, ದಾಟಿದವನನ್ನು ಅಂಪೈರ್ ಮಧ್ಯಗೆರೆಗೆ ಕಳಿಸುತ್ತಾರೆ, ಉಳಿದ ನಾಲ್ವರೇ ಕಾಯಬೇಕಾಗುತ್ತದೆ.

ರಶರ್‌ಗೆ ಒಬ್ಬ ಬದಲಿಯನ್ನೂ ತಯಾರು ಮಾಡಿ. ಪ್ಯಾರಿಸ್‌ನಲ್ಲಿ 2024ರಲ್ಲಿ ಬ್ರಿಟನ್ ವಿರುದ್ಧದ ಕ್ವಾರ್ಟರ್ ಫೈನಲ್‌ನ 17ನೇ ನಿಮಿಷದಲ್ಲಿ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್ ಸಿಕ್ಕಿತು. ಆಗ ನಮ್ಮ ಮುಖ್ಯ ರಶರ್ ಅವನೇ ಆಗಿದ್ದ. ಉಳಿದ ನಲವತ್ತಕ್ಕೂ ಹೆಚ್ಚು ನಿಮಿಷ ಹತ್ತೇ ಜನ ಆಡಿ 1-1 ಉಳಿಸಿಕೊಂಡು ಶೂಟೌಟ್‌ನಲ್ಲಿ 4-2ರಿಂದ ಗೆದ್ದರು. ಆ ಪಂದ್ಯವನ್ನು ನಿಮ್ಮ ಫಾರ್ವರ್ಡ್‌ಗಳಿಗೆ ತೋರಿಸಿ. ಅವತ್ತು ಡಿಫೆನ್ಸ್ ಮಾಡಿದ್ದು ಬ್ಯಾಕ್‌ಗಳಷ್ಟೇ ಅಲ್ಲ, ಮುಂದಿನವರೂ ತಮ್ಮ 23 ಮೀಟರ್ ಒಳಗೆ ಬಂದು ಕೂತು ಒದ್ದಾಡಿದರು. ನನಗಂತೂ ಆ ಪಂದ್ಯ ನೋಡುವಾಗ ಕಣ್ಣು ತುಂಬಿ ಬಂದಿತ್ತು. ಆದರೆ ಮುಂದಿನ ಪಂದ್ಯಕ್ಕೆ ರೋಹಿದಾಸ್ ಅಮಾನತಾಗಿ ಹೊರಗುಳಿದ, ಜರ್ಮನಿ 3-2ರಿಂದ ಗೆದ್ದಿತು. ನಾಕೌಟ್‌ನಲ್ಲಿ ಒಂದು ಕಾರ್ಡ್‌ನ ಬೆಲೆ ಆ ಪಂದ್ಯಕ್ಕೇ ಮುಗಿಯುವುದಿಲ್ಲ. ಗ್ರೀನ್ ಕಾರ್ಡ್ ಆದರೂ ಎರಡು ನಿಮಿಷ ಹತ್ತು ಜನ. ಅಂಪೈರ್ ಜೊತೆ ಮಾತಾಡುವುದು ಕ್ಯಾಪ್ಟನ್ ಒಬ್ಬನೇ ಎಂದು ಈಗಲೇ ಕಟ್ಟುನಿಟ್ಟು ಮಾಡಿ.

ನಿಮ್ಮದೇ ಕಾರ್ನರ್ ಆದಮೇಲೆ ಬಂದ ಆ ಎರಡು ಗೋಲುಗಳ ವಿಷಯ. ನೀವು ಕಾರ್ನರ್ ಹೊಡೆಯುವಾಗ ಎದುರಾಳಿಗಳಲ್ಲಿ ಐದು ಜನ ಗೋಲಿನಲ್ಲಿ, ಮಿಕ್ಕ ಆರು ಜನ ಮಧ್ಯಗೆರೆಯ ಆಚೆ ಇರುತ್ತಾರೆ. ಅಂದರೆ ನಿಮ್ಮ ಗೋಲಿಗೆ ನಿಮಗಿಂತ ಹತ್ತಿರ ಅವರೇ ಇದ್ದಾರೆ! ಗೋಲು ಬೇಕೆಂಬ ಆಸೆಗೆ ಎಲ್ಲರೂ ಡಿ ಸುತ್ತ ನಿಂತರೆ ಅಲ್ಲಿಂದ ಹೊರಬಿದ್ದ ಒಂದು ಉದ್ದ ಹಿಟ್ ಸಾಕು. ಇಬ್ಬರು ಹಿಂದೆ ಉಳಿಯಲೇಬೇಕು, ಮೂರನೆಯವನು 23 ಮೀಟರ್ ಗೆರೆಯ ಹತ್ತಿರ ನಿಂತು ಹೊರಬರುವ ಚೆಂಡಿನ ದಾರಿ ಕಾಯಬೇಕು. ಆ ಮೂರನೆಯವನಾಗಿಯೂ ನಿಮ್ಮ ಸೆಂಟರ್ ಹಾಫ್‌ನನ್ನೇ ಇಡುತ್ತೇನೆ ನಾನು. ಕಾರ್ನರ್ ಹೊಡೆಯುವ ಕೆಲಸ ಅವನದೇ ಆಗಿದ್ದರೆ ಬೇರೆಯವರಿಗೆ ಕೊಡಿ.

ಮಾತು ಮುಖ್ಯ. ನಮ್ಮ ಕಡೆ ಕೊಡವ ಕುಟುಂಬಗಳ ಹಾಕಿ ಉತ್ಸವ 1997ರಿಂದ ನಡೆಯುತ್ತಿದೆ, ಮೊದಲ ವರ್ಷ 60 ಕುಟುಂಬ, 2024ರಲ್ಲಿ ನಾಪೋಕ್ಲುವಿನಲ್ಲಿ 360. ಅಲ್ಲಿ ಒಂದೇ ತಂಡದಲ್ಲಿ ಶಾಲೆಗೆ ಹೋಗುವ ಹುಡುಗನೂ ಇರುತ್ತಾನೆ, ಅವನ ದೊಡ್ಡಪ್ಪನೂ ಇರುತ್ತಾರೆ. ಒಟ್ಟಿಗೆ ಅಭ್ಯಾಸ ಮಾಡಲು ಸಿಗುವುದು ಕೆಲವೇ ದಿನ. ಆದರೂ ಕೆಲವು ಕುಟುಂಬಗಳ ಡಿಫೆನ್ಸ್ ಒಡೆಯುವುದೇ ಇಲ್ಲ, ಯಾಕೆಂದರೆ ಹಿಂದಿನಿಂದ ಒಬ್ಬರ ಗಂಟಲು ಪೂರ್ತಿ ಆಟ ಕೇಳಿಸುತ್ತಿರುತ್ತದೆ. ನಿಮ್ಮಲ್ಲಿ ಆ ಗಂಟಲು ಗೋಲ್‌ಕೀಪರ್‌ದಾಗಬೇಕು. ಪೂರ್ತಿ ಮೈದಾನ ಕಾಣುವುದು ಅವನಿಗೇ. ‘ಎಡ’, ‘ಬಲ’, ‘ತಡಿ’, ‘ಹೋಗು’ ಎಂಬ ನಾಲ್ಕು ಪದ ಇಟ್ಟುಕೊಳ್ಳಿ, ಐದನೆಯದು ಬೇಡ. ಗೋಲ್‌ಕೀಪರ್ ಸ್ವಭಾವದಲ್ಲಿ ಮೌನಿಯಾಗಿದ್ದರೆ ಅಭ್ಯಾಸದಲ್ಲಿ ಅವನು ಕೂಗದ ಹೊರತು ಆಟ ಶುರು ಮಾಡಬೇಡಿ. ಎರಡು ದಿನ ನಾಚಿಕೊಳ್ಳುತ್ತಾನೆ, ಮೂರನೆಯ ದಿನ ಸರಿಹೋಗುತ್ತಾನೆ.

ಹನ್ನೆರಡು ದಿನದಲ್ಲಿ ಎರಡು ಸಲವಾದರೂ ಟರ್ಫ್ ಮೇಲೆ ಆಡಲು ಅವಕಾಶ ಕೇಳಿಕೊಳ್ಳಿ, ಬೆಳಿಗ್ಗೆ ಆರಕ್ಕೆ ಕೊಟ್ಟರೂ ಸರಿ. ಮಣ್ಣಿನಲ್ಲಿ ಚೆಂಡು ಪುಟಿಯುತ್ತದೆ, ನಿಧಾನ ಆಗುತ್ತದೆ, ಬ್ಯಾಕ್‌ಗೆ ಸ್ಟಿಕ್ ಇಳಿಸಲು ಸಮಯ ಸಿಗುತ್ತದೆ. ಟರ್ಫ್ ಮೇಲೆ, ಅದರಲ್ಲೂ ನೀರು ಹಾಕಿದ್ದರೆ, ನೀವು ಬಗ್ಗುವಷ್ಟರಲ್ಲಿ ಚೆಂಡು ದಾಟಿಹೋಗಿರುತ್ತದೆ. ಸ್ಟಿಕ್ ಮೊದಲಿಂದಲೇ ನೆಲದ ಮೇಲಿರಬೇಕು, ಮಂಡಿ ಮಡಿಚಿರಬೇಕು. ಒಂದೂ ಅವಕಾಶ ಸಿಗದಿದ್ದರೆ ಸಿಮೆಂಟಿನ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಜೋರಾಗಿ ಪುಶ್ ಮಾಡಿಸಿ ನಿಲ್ಲಿಸುವುದನ್ನು ಅಭ್ಯಾಸ ಮಾಡಿ, ವೇಗಕ್ಕೆ ಕಣ್ಣು ಹೊಂದಿಕೊಳ್ಳುತ್ತದೆ. ಶೂಟೌಟ್‌ಗೂ ಒಂದು ಸಂಜೆ ಇಡಿ: 23 ಮೀಟರ್ ಗೆರೆಯಿಂದ ಎಂಟು ಸೆಕೆಂಡು, ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಅವನು ಗೆರೆ ಬಿಟ್ಟು ಧೈರ್ಯವಾಗಿ ಮುಂದೆ ಬರಬೇಕು, ಆದರೆ ಮೊದಲು ಮಲಗಬಾರದು. ಕೊನೆಯ ಎರಡು ದಿನ ಓಟ ಬೇಡ. ಐದು ಜನ ಕಾರ್ನರ್‌ಗೆ ನಡೆದುಕೊಂಡೇ ತಮ್ಮ ಜಾಗಕ್ಕೆ ಹೋಗಿ ಬರುವುದು ಸಾಕು.

ಇನ್ನೊಂದು, ನೀವು ಕೇಳದೇ ಇದ್ದರೂ ಹೇಳಲೇಬೇಕು. ಕಾರ್ನರ್‌ಗೆ ಓಡುವ ನಾಲ್ಕೂ ಜನಕ್ಕೆ ಫೇಸ್ ಮಾಸ್ಕ್ ಇದೆಯೇ? ನಾನು ಆಡುವಾಗ ನಮ್ಮ ತಂಡಕ್ಕೆ ಇದ್ದದ್ದು ಎರಡು. ಮಾಸ್ಕ್ ಇಲ್ಲದೆ ಗೆರೆಯ ಮೇಲೆ ನಿಂತ ನನ್ನ ಗೆಳೆಯನಿಗೆ ಚೆಂಡು ಕೆನ್ನೆಗೆ ಬಿದ್ದು ಎರಡು ಹಲ್ಲು ಹೋಯಿತು, ಆರು ವಾರ ಗಂಜಿ ಕುಡಿದ. ಬೇರೆ ಕಾಲೇಜಿನವರನ್ನು ಕೇಳಿ, ಹಳೆಯ ಆಟಗಾರರನ್ನು ಕೇಳಿ, ಒಂದು ವಾರಕ್ಕೆ ಸಾಲ ಕೊಡುವವರು ಖಂಡಿತ ಸಿಗುತ್ತಾರೆ. ಮಾಸ್ಕ್, ಗ್ಲೌಸ್, ಮಂಡಿ ಪ್ಯಾಡ್ ಹಾಕಿಕೊಂಡೇ ಅಭ್ಯಾಸ ಮಾಡಿಸಿ, ಪಂದ್ಯದ ದಿನ ಮೊದಲ ಸಲ ಹಾಕಿಕೊಂಡವನಿಗೆ ಅದರೊಳಗಿಂದ ಚೆಂಡು ಸರಿಯಾಗಿ ಕಾಣುವುದಿಲ್ಲ. ನಾಲ್ಕು ಹೊಂದಿಸಲು ಆಗದಿದ್ದರೆ ಇಲ್ಲಿ ತಿಳಿಸಿ, ನನ್ನ ಹತ್ತಿರ ಒಂದು ಇದೆ, ಮಕ್ಕಳ ತಂಡದಲ್ಲಿ ಇನ್ನೊಂದಿದೆ.