ಕೇಳಿ, ಹೇಳುತ್ತೇವೆ: ಹಡಗಿನಲ್ಲಿ ಊಟದ ನಡುವೆ ಆಟ-ನಾಟಕ

ಮಕ್ಕಳನ್ನು ಕರೆದುಕೊಂಡು ಕ್ರೂಸ್ ಹೊರಟವರಿಂದ ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು: ಊಟ ಬಡಿಸುತ್ತಲೇ ಪ್ರದರ್ಶನ ನಡೆಸುವ ಹಡಗಿನ ರೆಸ್ಟೋರೆಂಟ್‌ಗಳು. ಹೆಚ್ಚಿನವರು ಕೇಳಿರುವುದು ಡಿಸ್ನಿ ಹಡಗುಗಳ ಬಗ್ಗೆ. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ‘ಡಿಸ್ನಿ ವಿಶ್’ ಹಡಗಿನಲ್ಲಿ ಮೂರು ರಾತ್ರಿಯ ಪ್ರಯಾಣ ಬುಕ್ ಮಾಡಿದ್ದೇವೆ. ಏಳು ವರ್ಷದ ಮಗಳಿಗೆ ‘ಫ್ರೋಜನ್’ ಸಿನಿಮಾದ ರೆಸ್ಟೋರೆಂಟ್ ಬೇಕೇ ಬೇಕು. ಟೇಬಲ್ ಹೇಗೆ ಕಾಯ್ದಿರಿಸುವುದು?

ಕಾಯ್ದಿರಿಸುವ ಕೆಲಸವೇ ಇಲ್ಲ, ಮಗಳಿಗೆ ಈಗಲೇ ಮಾತು ಕೊಡಬಹುದು. ಡಿಸ್ನಿ ತನ್ನ ಮೊದಲ ಹಡಗು ‘ಮ್ಯಾಜಿಕ್’ 1998ರಲ್ಲಿ ಓಡಾಟ ಶುರುಮಾಡಿದಾಗಿನಿಂದ ಸರದಿ ಊಟದ ಪದ್ಧತಿ ನಡೆಸಿಕೊಂಡು ಬಂದಿದೆ. ಹಡಗಿನಲ್ಲಿ ಮೂರು ಮುಖ್ಯ ರೆಸ್ಟೋರೆಂಟ್‌ಗಳು. ನಿಮ್ಮ ಕುಟುಂಬ ಒಂದೊಂದು ರಾತ್ರಿ ಒಂದೊಂದರಲ್ಲಿ ಊಟ ಮಾಡುತ್ತದೆ. ಬಡಿಸುವವರೂ ನಿಮ್ಮ ಜೊತೆಗೇ ಆ ರೆಸ್ಟೋರೆಂಟ್‌ಗೆ ಬರುತ್ತಾರೆ. ಮೊದಲ ರಾತ್ರಿ ಮಗಳು ಹಾಲು ಕೇಳಿದ್ದರೆ ಎರಡನೇ ರಾತ್ರಿ ಅದು ಕೇಳುವ ಮೊದಲೇ ಬಂದಿರುವುದು ಇದರಿಂದಲೇ. ಟಿಕೆಟ್ ದರದಲ್ಲೇ ಎಲ್ಲ ಸೇರಿದೆ. ಮದ್ಯದಂಥವಕ್ಕೆ ಬೇರೆ ದುಡ್ಡು.

‘ವಿಶ್’ನಲ್ಲಿ ಆ ಮೂರು ಎಂದರೆ ‘ಅರೆಂಡೆಲ್’ (ಫ್ರೋಜನ್ ಇದೇ), ‘ವರ್ಲ್ಡ್ಸ್ ಆಫ್ ಮಾರ್ವೆಲ್’ ಮತ್ತು ‘1923’. ಮೂರು ರಾತ್ರಿ, ಮೂರು ರೆಸ್ಟೋರೆಂಟ್: ಲೆಕ್ಕ ಸರಿಹೋಯಿತು. ಯಾವ ರಾತ್ರಿ ಯಾವುದು ಎಂಬುದನ್ನು ಮಾತ್ರ ಹಡಗಿನವರು ನಿರ್ಧರಿಸುತ್ತಾರೆ. ಬುಕಿಂಗ್ ಮಾಡಿದವರ ಮೂಲಕ ಮುಂಚೆಯೇ ಕೋರಿಕೆ ಇಡಬಹುದು, ಖಾತರಿ ಇಲ್ಲ. ಕೇಳುವುದಾದರೆ ‘ಅರೆಂಡೆಲ್’ ಮೊದಲ ರಾತ್ರಿ ಬೇಡ ಎಂದು ಕೇಳಿ. ಆ ದಿನ ಬೆಳಗಿನಿಂದ ಪ್ರಯಾಣ, ಸಾಲು, ಸುರಕ್ಷತಾ ತಾಲೀಮು ಎಲ್ಲ ಮುಗಿಸಿದ ಮಗು, ಅಲ್ಲಿನ ಪ್ರದರ್ಶನದಲ್ಲಿ ‘ಫ್ರೋಜನ್’ನ ಅನ್ನಾ ಮತ್ತು ಕ್ರಿಸ್ಟಾಫ್ ನಿಶ್ಚಿತಾರ್ಥದ ಸಂಭ್ರಮ ರಂಗೇರುವ ಹೊತ್ತಿಗೆ ತೂಕಡಿಸುತ್ತಿರುತ್ತದೆ.

ನಾಲ್ಕು ರಾತ್ರಿಯವರಿಗೆ ಒಂದು ರೆಸ್ಟೋರೆಂಟ್ ಎರಡು ಸಲ ಬರುತ್ತದೆ, ಏಳು ರಾತ್ರಿಯವರಿಗೆ ಒಂದು ಮೂರು ಸಲ, ಉಳಿದೆರಡು ಎರಡೆರಡು ಸಲ. ಮರಳಿ ಹೋದಾಗ ಮೆನು ಬದಲಾಗಿರುತ್ತದೆ, ಆದರೆ ಮೊದಲು ಕಂಡ ಪ್ರದರ್ಶನವೇ ಮತ್ತೆ ನಡೆಯುತ್ತದೆ ಎಂದು ನೆಚ್ಚಬೇಡಿ. 2024ರ ಡಿಸೆಂಬರ್‌ನಲ್ಲಿ ಓಡಾಟ ಶುರುಮಾಡಿದ ‘ಟ್ರೆಷರ್’ ಹಡಗಿನ ‘ಪ್ಲಾಜಾ ಡಿ ಕೊಕೊ’ದಲ್ಲಿ ಕಥೆಯನ್ನೇ ಎರಡು ರಾತ್ರಿಗೆ ಹಂಚಿದ್ದಾರೆ.

ಪ್ರಶ್ನೆ: ಬುಕಿಂಗ್ ಮಾಡುವಾಗ ಊಟದ ಸಮಯ 5:45 ಬೇಕೋ 8:15 ಬೇಕೋ ಎಂದು ಕೇಳುತ್ತಾರೆ. ಮಕ್ಕಳಿಗೆ ನಾಲ್ಕು ಮತ್ತು ಒಂಬತ್ತು ವರ್ಷ. ಯಾವುದು ಒಳ್ಳೆಯದು?

ಇಡೀ ಬುಕಿಂಗ್‌ನಲ್ಲಿ ಜನ ಯೋಚಿಸದೆ ಒತ್ತುವ ಗುಂಡಿ ಇದೇ, ಆಮೇಲೆ ಹೆಚ್ಚು ಕಾಡುವುದೂ ಇದೇ. ರೆಸ್ಟೋರೆಂಟ್ ನಿಮ್ಮ ಆಯ್ಕೆಯಲ್ಲ, ಪಂಕ್ತಿ ಮಾತ್ರ ನಿಮ್ಮದು.

ಎರಡು ಪಂಕ್ತಿ ಯಾಕೆ ಎಂದರೆ, ‘ಡ್ರೀಮ್’ನಂಥ ಹಡಗು ತುಂಬಿದಾಗ ಸುಮಾರು 4,000 ಪ್ರಯಾಣಿಕರು. ಎರಡು ಪಂಕ್ತಿಗೆ, ಮೂರು ರೆಸ್ಟೋರೆಂಟ್‌ಗೆ ಹಂಚಿದರೆ ಒಂದೊಂದು ಕೋಣೆಗೆ ಒಂದು ಹೊತ್ತಿಗೆ ಆರು ನೂರೈವತ್ತಕ್ಕೂ ಹೆಚ್ಚು ಜನ. ಅಷ್ಟೂ ಮಂದಿಗೆ ಪ್ರದರ್ಶನದ ತಾಳಕ್ಕೆ ಸರಿಯಾಗಿ ತಟ್ಟೆ ಬರಬೇಕು. ಹಾಗಾಗಿ ಒಂದು ಪಂಕ್ತಿ ಎಂದರೆ ಹೆಚ್ಚುಕಡಿಮೆ ಒಂದೂವರೆ ಗಂಟೆಯಿಂದ ಒಂದೂ ಮುಕ್ಕಾಲು ಗಂಟೆ. ನಡುವೆ ಅವಸರ ಮಾಡಲು ಬರುವುದಿಲ್ಲ.

ಮೊದಲ ಪಂಕ್ತಿಯವರು ಉಂಡು ದೊಡ್ಡ ಥಿಯೇಟರ್‌ನ ಪ್ರದರ್ಶನಕ್ಕೆ ಹೋಗುತ್ತಾರೆ, ಎರಡನೆಯವರು ಅದನ್ನು ನೋಡಿಕೊಂಡು ಊಟಕ್ಕೆ ಬರುತ್ತಾರೆ. ನಾಲ್ಕು ವರ್ಷದ ಮಗು ಇದ್ದರೆ ನಮ್ಮ ಮತ ಮೊದಲ ಪಂಕ್ತಿಗೆ. ತೊಂದರೆ ಒಂದೇ: ಹಡಗು ಬಂದರಿನಲ್ಲಿ ನಿಂತ ದಿನ ದಡಕ್ಕೆ ಹೋದವರು ಐದು ಗಂಟೆಗೆ ಓಡೋಡಿ ಬಂದು ಸ್ನಾನ ಮುಗಿಸಬೇಕು.

ಎರಡನೇ ಪಂಕ್ತಿಗೆ ಒಂದು ಅನುಕೂಲ ಇದೆ. ಮಕ್ಕಳಿಗೆ ಬೇಗ ಬಡಿಸಿಬಿಡುತ್ತಾರೆ, ಸುಮಾರು ಮುಕ್ಕಾಲು ಗಂಟೆಯ ಮೇಲೆ ಮಕ್ಕಳ ಕ್ಲಬ್‌ನವರು ರೆಸ್ಟೋರೆಂಟ್‌ಗೇ ಬಂದು ಕರೆದುಕೊಂಡು ಹೋಗುತ್ತಾರೆ. ಮಗುವಿಗೆ ಮೂರು ತುಂಬಿರಬೇಕು, ಡೈಪರ್ ಬಿಟ್ಟಿರಬೇಕು, ಕ್ಲಬ್‌ನಲ್ಲಿ ಹೆಸರು ನೋಂದಾಯಿಸಿರಬೇಕು. ಕುಳಿತ ಕೂಡಲೇ ಸರ್ವರ್‌ಗೆ ಹೇಳದಿದ್ದರೆ ಮಗುವಿನ ತಟ್ಟೆ ದೊಡ್ಡವರ ತಟ್ಟೆಯ ಜೊತೆಗೇ ಬರುತ್ತದೆ, ಆಗ ಕರೆಯಲು ಬಂದವರು ವಾಪಸ್ ಹೋಗುತ್ತಾರೆ. ‘ಅರೆಂಡೆಲ್’ ರಾತ್ರಿ ಮಾತ್ರ ಈ ಸೌಲಭ್ಯ ಬಳಸಬೇಡಿ. ಮಕ್ಕಳಿಗಾಗಿಯೇ ಇರುವ ಆಟದಿಂದ ಮಕ್ಕಳನ್ನೇ ಅರ್ಧಕ್ಕೆ ಎಬ್ಬಿಸಿದಂತಾಗುತ್ತದೆ.

ಬೇಕಾದ ಪಂಕ್ತಿ ಸಿಗದಿದ್ದರೆ ಕಾಯುವ ಪಟ್ಟಿಗೆ ಸೇರಿಸಲು ಹೇಳಿ. ಹಡಗು ಹತ್ತಿದ ದಿನ ಮಧ್ಯಾಹ್ನವೂ ಒಮ್ಮೆ ವಿಚಾರಿಸಿ. ಜಾಗ ಖಾಲಿಯಾದರೆ ಬದಲಾಯಿಸಿ ಕೊಡುವುದುಂಟು.

ಪ್ರಶ್ನೆ: ‘ಆ್ಯನಿಮೇಟರ್ಸ್ ಪ್ಯಾಲೆಟ್’ನಲ್ಲಿ ನಾವು ಬಿಡಿಸಿದ ಚಿತ್ರ ಪರದೆಯ ಮೇಲೆ ಕುಣಿಯುತ್ತದಂತೆ. ಪರಿಚಯದವರ ಮಗನ ಚಿತ್ರ ಮಾತ್ರ ಏನೆಂದೇ ಗೊತ್ತಾಗಲಿಲ್ಲವಂತೆ. ಯಾಕೆ?

‘ಫ್ಯಾಂಟಸಿ’ ಹಡಗಿನಲ್ಲಿ 2012ರಲ್ಲಿ ಶುರುವಾದ ಆಟ ಇದು. ಮೇಜಿನ ಮೇಲೆ ಒಂದು ಹಾಳೆ, ಒಂದು ಮಾರ್ಕರ್ ಇಟ್ಟಿರುತ್ತಾರೆ. ಹಾಳೆಯಲ್ಲಿ ತಲೆ, ಮುಂಡ, ಕೈ, ಕಾಲುಗಳಿಗೆ ಜಾಗ ಗುರುತು ಮಾಡಿರುತ್ತದೆ. ನೀವು ಬಿಡಿಸಿದ ಹಾಳೆಯನ್ನು ಒಯ್ದು ಸ್ಕ್ಯಾನ್ ಮಾಡುತ್ತಾರೆ. ಕುಣಿತ ಮೊದಲೇ ಸಿದ್ಧವಾಗಿರುತ್ತದೆ. ಆ ಕುಣಿಯುವ ದೇಹಕ್ಕೆ ನಿಮ್ಮ ಚಿತ್ರದ ಒಂದೊಂದು ಭಾಗವನ್ನು ಅಂಗಿಯಂತೆ ತೊಡಿಸುತ್ತಾರೆ ಎಂದುಕೊಳ್ಳಿ. ಡೆಸರ್ಟ್ ಹೊತ್ತಿಗೆ ಡಿಸ್ನಿ ಪಾತ್ರಗಳ ಸಾಲಿನಲ್ಲಿ ಅದೂ ಬರುತ್ತದೆ.

ಇಷ್ಟು ತಿಳಿದರೆ ತಪ್ಪು ಎಲ್ಲಿ ಆಗುತ್ತದೆ ಎಂಬುದೂ ತಿಳಿಯುತ್ತದೆ. ಕೈಯ ಜಾಗದಲ್ಲಿ ಕೈ ಇಲ್ಲದಿದ್ದರೆ ಪರದೆಯಲ್ಲೂ ಕೈ ಇಲ್ಲ. ಗೆರೆ ತೀರಾ ತೆಳುವಾದರೆ ದೂರದ ಪರದೆಯಲ್ಲಿ ಕಾಣುವುದಿಲ್ಲ. ಕಾರು, ಮನೆ, ಹಡಗು ಬಿಡಿಸಿದವರ ಚಿತ್ರವಂತೂ ಚೂರುಚೂರಾಗಿ ಕುಣಿಯುತ್ತದೆ, ಯಾಕೆಂದರೆ ಕಾರಿನ ಚಕ್ರ ಒಂದು ಕಾಲಾಗಿ, ಬಾಗಿಲು ಹೊಟ್ಟೆಯಾಗಿ ಹೋಗಿರುತ್ತದೆ. ಗುರುತಿನೊಳಗೇ ದಪ್ಪ ಗೆರೆ, ದೊಡ್ಡ ಕಣ್ಣು, ಒಂದು ಟೋಪಿಯೋ ಉದ್ದ ಜಡೆಯೋ: ನೂರಾರು ಚಿತ್ರಗಳ ನಡುವೆ ತಮ್ಮದನ್ನು ಗುರುತು ಹಿಡಿಯಲು ಮಕ್ಕಳಿಗೆ ಇಷ್ಟು ಸಾಕು. ಹೆಸರನ್ನು ಎದೆಯ ಭಾಗದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದರೆ ಇನ್ನೂ ಸುಲಭ.

ಹಾಳೆಗಳನ್ನು ಊಟದ ಮೊದಲ ಭಾಗದಲ್ಲೇ ಒಟ್ಟುಮಾಡುತ್ತಾರೆ. ತಡವಾಗಿ ಬಂದ ಕುಟುಂಬಗಳು ಕಳೆದುಕೊಳ್ಳುವುದು ಇಲ್ಲೇ. ಮೆನು ನೋಡುವ ಮೊದಲು ಚಿತ್ರ ಮುಗಿಸಿಬಿಡಿ, ಊಟ ಎಲ್ಲೂ ಹೋಗುವುದಿಲ್ಲ.

ಪ್ರಶ್ನೆ: ಅದೇ ರೆಸ್ಟೋರೆಂಟ್‌ನಲ್ಲಿ ‘ಕ್ರಶ್’ ಆಮೆ ಪರದೆಯಿಂದ ಮಕ್ಕಳ ಹೆಸರು ಹಿಡಿದು ಮಾತಾಡುತ್ತದೆ. ರೆಕಾರ್ಡ್ ಮಾಡಿದ್ದೇ?

ಅಲ್ಲ. ಕಲಾವಿದರೊಬ್ಬರು ತೆರೆಯ ಹಿಂದಿನಿಂದ ನಿಮ್ಮನ್ನು ನೋಡುತ್ತ, ಕೇಳುತ್ತ ಆ ಆಮೆಗೆ ದನಿ ಕೊಡುತ್ತಿರುತ್ತಾರೆ. ಬಾಯಿ, ರೆಕ್ಕೆಗಳ ಚಲನೆಯನ್ನು ಕಂಪ್ಯೂಟರ್ ಆ ಕ್ಷಣಕ್ಕೇ ಮೂಡಿಸುತ್ತದೆ. ಗೊಂಬೆಯಾಟವೇ, ಸೂತ್ರ ಮಾತ್ರ ಡಿಜಿಟಲ್. ಫ್ಲಾರಿಡಾದ ಎಪ್ಕಾಟ್ ಪಾರ್ಕ್‌ನಲ್ಲಿ 2004ರಿಂದ ಇದೇ ಆಮೆ ಮಾತಾಡುತ್ತಿದೆ. ‘ಡ್ರೀಮ್’, ‘ಫ್ಯಾಂಟಸಿ’ಗಳಲ್ಲಿ ಅದು ಗೋಡೆಯ ಪರದೆಯಿಂದ ಪರದೆಗೆ ಈಜಿಕೊಂಡು ಬರುತ್ತದೆ. ಆದ್ದರಿಂದ ಗೋಡೆಯ ಪಕ್ಕದ ಮೇಜಿನವರಿಗೆ ಮಾತಾಡುವ ಅವಕಾಶ ಜಾಸ್ತಿ. ನಾಚುವ ಮಗುವಾದರೆ ಗೋಡೆಗೆ ಬೆನ್ನು ಮಾಡಿ ಕೂರಿಸಿ.

ಪ್ರಶ್ನೆ: ನಮ್ಮ ಮಗನಿಗೆ ಜೋರು ಶಬ್ದ, ಮಿನುಗುವ ಬೆಳಕು ಆಗುವುದಿಲ್ಲ. ಇಂಥ ರೆಸ್ಟೋರೆಂಟ್‌ಗಳಿಗೆ ಹೋಗುವುದೇ ಬೇಡವೇ?

ಎಲ್ಲವೂ ಒಂದೇ ಥರ ಅಲ್ಲ. ‘ವಿಶ್’ನಲ್ಲಿ ‘1923’ ಶಾಂತವಾದ ಜಾಗ. ವಾಲ್ಟ್ ಡಿಸ್ನಿ ಸ್ಟುಡಿಯೋ ಶುರುವಾದ ವರ್ಷವೇ ಅದರ ಹೆಸರು, ಗೋಡೆಗಳ ಮೇಲೆ ಚಿತ್ರಗಳು, ಆಟ-ಪಾಟ ಇಲ್ಲ. ‘ಡ್ರೀಮ್’ ಮತ್ತು ‘ಫ್ಯಾಂಟಸಿ’ಯ ‘ಎನ್‌ಚಾಂಟೆಡ್ ಗಾರ್ಡನ್’ ಕೂಡ ಹಾಗೆಯೇ: ಊಟ ಸಾಗಿದಂತೆ ಚಾವಣಿಯ ಬೆಳಕು ಹಗಲಿನಿಂದ ಸಂಜೆಗೆ ಮೆಲ್ಲಗೆ ತಿರುಗುತ್ತದೆ, ಅಷ್ಟೇ. ‘ಮಾರ್ವೆಲ್’ನಲ್ಲಿ ಸುತ್ತಲೂ ಪರದೆಗಳು, ಸ್ಫೋಟದ ಸದ್ದು. ‘ಅರೆಂಡೆಲ್’ನಲ್ಲಿ ವೇದಿಕೆ ಕೋಣೆಯ ನಡುವೆಯೇ ಇದೆ, ಹಾಡು, ವಾದ್ಯ ಎಲ್ಲ ನೇರ.

ಹೆಡ್ ಸರ್ವರ್‌ಗೆ ಮೊದಲ ದಿನವೇ ಹೇಳಿ ಬಾಗಿಲ ಹತ್ತಿರದ, ವೇದಿಕೆಯಿಂದ ದೂರದ ಮೇಜು ಕೇಳಿ. ಕಿವಿಗೆ ಮುಚ್ಚುವ ಹೆಡ್‌ಫೋನ್ ಕೈಚೀಲದಲ್ಲಿರಲಿ. ಹಾಡುಗಳ ನಡುವೆ ಬಿಡುವು ಇರುತ್ತದೆ, ಆಗ ಹೊರಗೆ ಕರೆದುಕೊಂಡು ಹೋಗಿ ಬಂದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಆಗದೇ ಹೋದರೆ ಆ ರಾತ್ರಿ ಬಿಟ್ಟುಬಿಡಿ. ಕ್ಯಾಬಿನ್‌ಗೇ ಊಟ ತರಿಸಬಹುದು. ಬರುವುದಿಲ್ಲ ಎಂದು ಸರ್ವರ್‌ಗೆ ಹಿಂದಿನ ರಾತ್ರಿ ಒಂದು ಮಾತು ಹೇಳಿದರೆ ಅವರು ನಿಮಗಾಗಿ ಕಾಯುವುದು ತಪ್ಪುತ್ತದೆ.

ಪ್ರಶ್ನೆ: ಎರಡು ಕುಟುಂಬ, ಎಂಟು ಜನ. ಒಂದೇ ಮೇಜು ಸಿಗುತ್ತದೆಯೇ?

ಎರಡೂ ಬುಕಿಂಗ್ ಸಂಖ್ಯೆಗಳನ್ನು ಪರಸ್ಪರ ಜೋಡಿಸಲು ಮುಂಚೆಯೇ ಹೇಳಿ, ಇಬ್ಬರೂ ಒಂದೇ ಪಂಕ್ತಿಯಲ್ಲಿರಬೇಕು. ಒಬ್ಬರು 5:45, ಒಬ್ಬರು 8:15 ಆದರೆ ಜೋಡಿಸಿದ್ದೂ ವ್ಯರ್ಥ. ಒಂದು ಎಚ್ಚರ: ಎಂಟು ಜನರ ಉದ್ದ ಮೇಜಿನಲ್ಲಿ ಅರ್ಧ ಜನ ವೇದಿಕೆಗೆ ಬೆನ್ನು ಹಾಕಿರುತ್ತಾರೆ. ಆ ಕುರ್ಚಿಗಳು ದೊಡ್ಡವರಿಗೆ.

ಪ್ರಶ್ನೆ: ನಾವು ಸಸ್ಯಾಹಾರಿಗಳು, ಮೊಟ್ಟೆಯೂ ತಿನ್ನುವುದಿಲ್ಲ. ಥೀಮ್ ಮೆನುವಿನಲ್ಲಿ ನಮಗೇನಾದರೂ ಇರುತ್ತದೆಯೇ?

ಪ್ರತಿ ರಾತ್ರಿ ಸಸ್ಯಾಹಾರದ ತಿನಿಸು ಇದ್ದೇ ಇರುತ್ತದೆ. ಆದರೆ ಅವರ ‘ವೆಜಿಟೇರಿಯನ್’ನಲ್ಲಿ ಮೊಟ್ಟೆ, ಚೀಸ್ ನಡೆಯುತ್ತವೆ. ತರಕಾರಿ ಸೂಪಿಗೆ ಕೋಳಿಯ ಸ್ಟಾಕ್ (ಬೇಯಿಸಿ ತೆಗೆದ ರಸ) ಬಿದ್ದಿರಬಹುದು, ನಡುಗುವ ಸಿಹಿಗಳಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಾಟಿನ್ ಇರಬಹುದು, ಕೇಕಿನಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ‘ಸಸ್ಯಾಹಾರಿ’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ‘ಮಾಂಸ, ಮೀನು, ಮೊಟ್ಟೆ, ಜೆಲಾಟಿನ್, ಮಾಂಸದ ಸ್ಟಾಕ್ ಬೇಡ, ಹಾಲು, ಬೆಣ್ಣೆ ಆಗುತ್ತದೆ’ ಎಂದು ಬಿಡಿಸಿ ಹೇಳಿ. ಪ್ರಯಾಣಕ್ಕೆ ಮುಂಚೆ ಆಹಾರದ ಅರ್ಜಿಯಲ್ಲಿ ಬರೆದಿದ್ದರೂ ಮೊದಲ ರಾತ್ರಿ ಹೆಡ್ ಸರ್ವರ್ ಎದುರು ಮತ್ತೆ ಹೇಳಿ.

ಅಡುಗೆಮನೆಗೆ ಒಂದು ದಿನದ ಮುನ್ಸೂಚನೆ ಸಿಕ್ಕರೆ ಮೆನುವಿನಲ್ಲಿಲ್ಲದ ಭಾರತೀಯ ಸಸ್ಯಾಹಾರವನ್ನೂ ಮಾಡಿಕೊಡುತ್ತಾರೆ. ನಾಳೆಗೆ ಬೇಕಾದದ್ದನ್ನು ಇಂದಿನ ಡೆಸರ್ಟ್ ಹೊತ್ತಿಗೆ ಹೇಳಬೇಕು. ಪ್ರದರ್ಶನದ ರಾತ್ರಿ ಕುಳಿತ ಮೇಲೆ ಕೇಳಿದರೆ ಆಗದು: ದೃಶ್ಯ ನಡೆಯುವಾಗ ಬಡಿಸುವವರ ಓಡಾಟ ಕಡಿಮೆಯಾಗುತ್ತದೆ, ವಿಶೇಷ ತಟ್ಟೆ ಬರುವ ಹೊತ್ತಿಗೆ ಉಳಿದವರು ಉಂಡು ಮುಗಿಸಿರುತ್ತಾರೆ.

ಪ್ರಶ್ನೆ: ಬೇರೆ ಕಂಪನಿಗಳ ಹಡಗಿನಲ್ಲಿ ಇಂಥದ್ದು ಇಲ್ಲವೇ?

ಇದೆ, ಆದರೆ ಸಾಮಾನ್ಯವಾಗಿ ಪ್ರತ್ಯೇಕ ದುಡ್ಡು, ಪ್ರತ್ಯೇಕ ಬುಕಿಂಗ್. ರಾಯಲ್ ಕೆರಿಬಿಯನ್‌ನ ‘ಯುಟೋಪಿಯಾ ಆಫ್ ದಿ ಸೀಸ್’ 2024ರಲ್ಲಿ ರೈಲು ಬೋಗಿಯಂಥ ರೆಸ್ಟೋರೆಂಟ್ ತಂದಿತು. ಕಿಟಕಿಗಳೆಲ್ಲ ಪರದೆಗಳು, ಊರು-ಬೆಟ್ಟ ಹಿಂದೆ ಓಡುತ್ತವೆ. ಜಾಗ ಕಡಿಮೆ, ಹಡಗು ಹತ್ತುವ ಮೊದಲೇ ಕಾಯ್ದಿರಿಸಿ. ಬಸ್ಸಿನಲ್ಲಿ ವಾಂತಿ ಬರುವ ಮಕ್ಕಳಿಗೆ ಕಿಟಕಿಯ ಪಕ್ಕ ಬೇಡ. ಕಣ್ಣಿಗೆ ರೈಲು ಓಡುತ್ತಿದೆ, ಮೈಗೆ ಹಡಗು ತೂಗುತ್ತಿದೆ, ಹೊಟ್ಟೆಗೆ ಎರಡೂ ಹೊಂದುವುದಿಲ್ಲ.

‘ಸೆಲೆಬ್ರಿಟಿ’ ಎಂಬ ಕಂಪನಿಯ ಹಡಗುಗಳಲ್ಲಿ ‘ಲೆ ಪೆಟಿ ಶೆಫ್’ ಎಂಬ ಅಂಗೈಯಗಲದ ಬಾಣಸಿಗ ನಿಮ್ಮ ತಟ್ಟೆಯ ಮೇಲೆಯೇ ಅಡುಗೆ ಮಾಡುತ್ತಾನೆ. ಬೆಲ್ಜಿಯಂನ ‘ಸ್ಕಲ್‌ಮ್ಯಾಪಿಂಗ್’ ಎಂಬ ಇಬ್ಬರು ಕಲಾವಿದರ ತಂಡದ ಸೃಷ್ಟಿ. ಚಾವಣಿಯ ಪ್ರೊಜೆಕ್ಟರ್ ತಟ್ಟೆ ಎಲ್ಲಿದೆ ಎಂದು ಮೊದಲೇ ಲೆಕ್ಕ ಹಾಕಿ ಚಿತ್ರ ಬಿಡುತ್ತದೆ. ಮಗು ತಟ್ಟೆಯನ್ನು ನಾಲ್ಕು ಬೆರಳು ಆಚೆ ಸರಿಸಿದರೆ ಬಾಣಸಿಗ ಮೇಜಿನ ಬಟ್ಟೆಯ ಮೇಲೆ ಬೇಯಿಸುತ್ತಿರುತ್ತಾನೆ. ನೀರಿನ ಲೋಟವನ್ನೂ ಅವರು ಇಟ್ಟಲ್ಲೇ ಬಿಡಿ, ಮುಂದೆ ಬಾಗಿದರೆ ನಿಮ್ಮ ತಲೆಯ ನೆರಳೇ ಸೂಪಿನೊಳಗೆ ಬೀಳುತ್ತದೆ.