ಗುಂಪು ಮಾಡಿದರೆ ಸಾಲದು, ಮೇಡಂ

ನಿಮ್ಮ ಪತ್ರ ಓದಿದೆ. ಏಳನೇ ತರಗತಿಯ ಮಕ್ಕಳನ್ನು ಆರಾರು ಜನರ ಗುಂಪು ಮಾಡಿ ಓದಲು ಕೊಟ್ಟಿರಿ, ಪ್ರತಿ ಗುಂಪಿನಲ್ಲೂ ಒಬ್ಬರೇ ಓದಿ ಉತ್ತರ ಬರೆದರು, ಉಳಿದವರು ಅದನ್ನೇ ನೋಡಿ ಬರೆದುಕೊಂಡರು. "ಇದಕ್ಕಿಂತ ನಾನೇ ವಿವರಿಸಿಬಿಡುವುದು ವಾಸಿ ಅಲ್ವಾ?" ಅಂತ ಕೇಳಿದ್ದೀರಿ.

ನನಗೆ ಹಾಗನ್ನಿಸುವುದಿಲ್ಲ. ನೀವು ವಿವರಿಸಿದರೆ ಮಕ್ಕಳಿಗೆ ನಿಮ್ಮ ಮಾತು ಅರ್ಥವಾಗುತ್ತದೆ, ಆದರೆ ನಾಳೆ ನೀವಿಲ್ಲದಾಗ ಒಂದು ಹೊಸ ಪುಟ ಓದಿ ಅರ್ಥ ಮಾಡಿಕೊಳ್ಳುವುದು ಬರುವುದಿಲ್ಲ. ಒಬ್ಬರೇ ಮುಗಿಸಬಹುದಾದ ಕೆಲಸ ಕೊಟ್ಟರೆ ಒಬ್ಬರೇ ಮುಗಿಸುತ್ತಾರೆ. ಹಾಗಾಗಿ ಬದಲಾಗಬೇಕಾದದ್ದು ಕೆಲಸ.

1984ರಲ್ಲಿ ಅನ್ನೆಮೇರಿ ಪಾಲಿಂಕ್ಸರ್ ಮತ್ತು ಆನ್ ಬ್ರೌನ್ ಎಂಬ ಇಬ್ಬರು ಸಂಶೋಧಕಿಯರು ಒಂದು ವಿಧಾನ ಪ್ರಕಟಿಸಿದರು. ಅವರು ಅದನ್ನು ಮಾಡಿ ನೋಡಿದ್ದು ಏಳನೇ ತರಗತಿಯವರ ಜೊತೆಗೇ, ಅದೂ ಸರಾಗವಾಗಿ ಓದುವ ಆದರೆ ಓದಿದ್ದು ತಲೆಗೆ ಹೋಗದ ಮಕ್ಕಳ ಜೊತೆ. ಒಂದು ಪ್ಯಾರಾ ಓದುವುದು, ಆಮೇಲೆ ಗುಂಪಿನಲ್ಲಿ ಒಬ್ಬರು ಟೀಚರ್ ಆಗುವುದು. ಅವರು ಒಂದು ಪ್ರಶ್ನೆ ಕೇಳಬೇಕು, ಪ್ಯಾರಾದ ತಿರುಳು ಹೇಳಬೇಕು, ಗೊಂದಲ ಇರುವ ಜಾಗ ಬಿಡಿಸಬೇಕು, ಮುಂದೇನು ಬರಬಹುದು ಅಂತ ಊಹಿಸಬೇಕು. ಮುಂದಿನ ಪ್ಯಾರಾಕ್ಕೆ ಇನ್ನೊಬ್ಬರು ಟೀಚರ್.

ಶುರುವಿನಲ್ಲಿ ಮಕ್ಕಳ ಪ್ರಶ್ನೆಗಳು ಸಪ್ಪೆ ಇರುತ್ತವೆ. ಬಾವಲಿಯ ಬಗ್ಗೆ ಓದಿದರೆ "ಬಾವಲಿ ಯಾವಾಗ ಹಾರುತ್ತದೆ?" ಅಂತಾರೆ, ಉತ್ತರ ಅದೇ ಸಾಲಿನಲ್ಲಿ ಇರುತ್ತದೆ. ಆಗ ನೀವು ಪಕ್ಕದಲ್ಲಿ ಕೂತು "ಕತ್ತಲಲ್ಲಿ ಅದು ಗೋಡೆಗೆ ಯಾಕೆ ಬಡಿಯುವುದಿಲ್ಲ?" ಅಂತ ಕೇಳಿ ತೋರಿಸಿ. ಬಾವಲಿ ಸದ್ದು ಮಾಡುತ್ತದೆ ಅನ್ನುವ ಸಾಲನ್ನೂ ಆ ಸದ್ದು ಬಡಿದು ವಾಪಸ್ ಬರುತ್ತದೆ ಅನ್ನುವ ಸಾಲನ್ನೂ ಜೋಡಿಸದೆ ಇದಕ್ಕೆ ಉತ್ತರ ಸಿಗುವುದಿಲ್ಲ. ಓದಿ ಅರ್ಥ ಮಾಡಿಕೊಳ್ಳುವುದು ಅಂದರೆ ಬಹುಪಾಲು ಈ ಜೋಡಣೆಯೇ. ಮಕ್ಕಳಿಗೆ ಇದು ರೂಢಿಯಾಗುವವರೆಗೆ ನೀವೇ ಮತ್ತೆ ಮತ್ತೆ ಮಾಡಿ ತೋರಿಸಬೇಕು, ಈ ಹಂತ ಬಿಟ್ಟು ಸುಮ್ನೆ ಆ ನಾಲ್ಕು ಕೆಲಸಗಳನ್ನು ಚೀಟಿಯಲ್ಲಿ ಬರೆದು ಹಂಚಿದರೆ ಏನೂ ಆಗದು.

ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು ಗೊಂದಲ ಬಿಡಿಸುವ ಭಾಗ. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಇಡೀ ಕ್ಲಾಸಿನ ಎದುರು "ನನಗೆ ಅರ್ಥ ಆಗಲಿಲ್ಲ" ಅನ್ನಲು ಎಷ್ಟು ನಾಚಿಕೆ ಅಂತ ನಿಮಗೆ ಗೊತ್ತಲ್ಲ. ಪ್ರತಿಯೊಬ್ಬರೂ ಅರ್ಥವಾಗದ ಒಂದು ಪದಕ್ಕೋ ಸಾಲಿಗೋ ಗೆರೆ ಎಳೆಯಲೇಬೇಕು ಅಂತ ನಿಯಮ ಮಾಡಿ. ಕೇಳುವುದೇ ಕೆಲಸವಾದಾಗ ಸಂಕೋಚ ಕಡಿಮೆಯಾಗುತ್ತದೆ.

ಜಿಗ್‌ಸಾ ವಿಧಾನದ ಬಗ್ಗೆಯೂ ಕೇಳಿದ್ದೀರಿ. 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಮನೋವಿಜ್ಞಾನಿ ಎಲಿಯಟ್ ಆರನ್ಸನ್ ಮತ್ತು ಅವರ ವಿದ್ಯಾರ್ಥಿಗಳು ರೂಪಿಸಿದ್ದು ಅದು. ಪಾಠವನ್ನು ಭಾಗ ಮಾಡಿ ಪ್ರತಿ ಗುಂಪಿನಲ್ಲೂ ಒಬ್ಬೊಬ್ಬರಿಗೆ ಒಂದೊಂದು ಭಾಗ ಕೊಟ್ಟರೆ ಪ್ರತಿಯೊಬ್ಬರ ಮಾತೂ ಉಳಿದವರಿಗೆ ಬೇಕಾಗುತ್ತದೆ. ಓದಿನಲ್ಲಿ ಹಿಂದಿರುವ ಮಗು ಇಲ್ಲಿ ಒಂಟಿಯಾಗಬಾರದು, ಬೇರೆ ಬೇರೆ ಗುಂಪುಗಳಲ್ಲಿ ಒಂದೇ ಭಾಗ ಸಿಕ್ಕವರೆಲ್ಲ ಮೊದಲು ಒಟ್ಟಿಗೆ ಕೂತು ಚರ್ಚಿಸಿ, ಆಮೇಲೆ ತಮ್ಮ ಗುಂಪಿಗೆ ಮರಳಲಿ. ಕಥೆಗೆ ಇದು ಅಷ್ಟಾಗಿ ಹೊಂದದು, ನಡುವಿನ ಭಾಗ ಮಾತ್ರ ಓದಿದವರಿಗೆ ತಲೆಬುಡ ತಿಳಿಯುವುದಿಲ್ಲ. ಮಾಹಿತಿಯ ಪಾಠಗಳಿಗೆ ಇಟ್ಟುಕೊಳ್ಳಿ.

ಆರು ಜನ ಜಾಸ್ತಿ ಆಯಿತು, ನಾಲ್ಕು ಸಾಕು. ಕೊನೆಯಲ್ಲಿ ಎರಡು ಪ್ರಶ್ನೆಗೆ ಪ್ರತಿಯೊಬ್ಬರೂ ತಾವೇ ಉತ್ತರ ಬರೆಯಲಿ, ಪುಸ್ತಕ ಮುಚ್ಚಿ, ಮಾತಾಡದೆ. ಇದನ್ನು ಮಾತ್ರ ಬಿಡಬೇಡಿ, ಇದು ಇಲ್ಲದಿದ್ದರೆ ಮತ್ತೆ ಅದೇ ಒಬ್ಬರು ಎಲ್ಲರಿಗಾಗಿ ಬರೆಯುತ್ತಾರೆ. ಒಂದೇ ಪುಟದಿಂದ ಶುರು ಮಾಡಿ, ಮಕ್ಕಳು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ನಮಗೆ ಬರೆದು ಕಳಿಸಿ.

– ಸಂಪಾದಕ