ಶ್ರೀಲಂಕಾ ಪ್ರವಾಸಕ್ಕೆ ಮಳೆ ಕಾಟವಿಲ್ಲದ ತಿಂಗಳು ಯಾವುದು?

ಇಡೀ ದ್ವೀಪಕ್ಕೆ ಒಂದೇ ಉತ್ತರವಿಲ್ಲ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು ಕೊಲಂಬೊ, ಗಾಲೆ, ರತ್ನಪುರದ ಕಡೆ ಸುರಿಯುತ್ತದೆ. ನಡುವಿನ ಬೆಟ್ಟಸಾಲು ಮೋಡಗಳನ್ನು ತಡೆಯುವುದರಿಂದ ಆಗ ಪೂರ್ವ ಕರಾವಳಿಯ ಟ್ರಿಂಕೋಮಲಿಯಲ್ಲಿ ಒಣ ಹವೆ; ನಮ್ಮ ಪಶ್ಚಿಮ ಘಟ್ಟದ ಆಚೆ-ಈಚೆ ಇರುವ ಲೆಕ್ಕವೇ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯ ಮಾರುತ ಬೀಸುವಾಗ ಇದು ತಿರುಗುಮುರುಗು. ಹಾಗಾಗಿ ಜನವರಿ–ಮಾರ್ಚ್‌ನಲ್ಲಾದರೆ ಗಾಲೆ, ಜೂನ್–ಆಗಸ್ಟ್‌ನಲ್ಲಾದರೆ ಟ್ರಿಂಕೋಮಲಿ.

ಅಕ್ಟೋಬರ್–ನವೆಂಬರ್ ಮಾತ್ರ ಬೇಡ. ಮಧ್ಯಾಹ್ನ ಕಳೆದರೆ ಗುಡುಗುಮಳೆ, ಮೇಲೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಬಂದಾಗ ಗುಡ್ಡ ಕುಸಿದು, ನೆರೆ ನುಗ್ಗಿ ನೂರಾರು ಜನ ಸತ್ತರು. ನಡುವಿನ ಬೆಟ್ಟಸಾಲಿನ ಊರು ನುವಾರ ಎಲಿಯ ಸುಮಾರು 1,900 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ಹೋಗುವುದಾದರೆ ಯಾವ ತಿಂಗಳಾದರೂ ಸ್ವೆಟರ್ ಇರಲಿ.